ಏಳು ಮೂಲೆಯ ಸರ್ಕಲ್ಲು

ಬಸ್ ನಿಲ್ದಾಣದ ಎದುರಿನ ಸರ್ಕಲ್ಲಿಗೆ ಏಳು ಮೂಲೆಗಳಿದ್ದವು. ಏಳನ್ನೂ ಹೊಲಿದವಳು ಸುಮ್ಮಿ.

ಅದು ಆದದ್ದು ಹೀಗೆ. ಊರಿನ ಪುರಸಭೆ ಕಚೇರಿಯಲ್ಲಿದ್ದ ಕಾಗದದ ನಕ್ಷೆಯನ್ನು ಗೆದ್ದಲು ತಿಂದು ಮುಗಿಸಿತು. ಮೊದಲು ಹೊಸ ಬಡಾವಣೆಗಳನ್ನು ತಿಂದಿತು, ಆಸ್ಪತ್ರೆ ರಸ್ತೆಯಲ್ಲಿ ಸ್ವಲ್ಪ ಸುಧಾರಿಸಿಕೊಂಡಿತು, ಕೊನೆಗೆ ಕಚೇರಿಯನ್ನೂ ಬಿಡಲಿಲ್ಲ. ಇನ್ನು ಮೇಲೆ ನಕ್ಷೆ ಬಟ್ಟೆಯದೇ ಇರಲಿ, ನೆಲಕ್ಕೂ ನಕ್ಷೆಗೂ ತಾಳೆಯಾಗದಿದ್ದರೆ ನೆಲವನ್ನೇ ತಿದ್ದತಕ್ಕದ್ದು ಎಂದು ಮೆಂಬರುಗಳು ಒಕ್ಕೊರಲಿನಿಂದ ಠರಾವು ಮಾಡಿದರು. ಕೆಲಸ ದೊಡ್ಡಮ್ಮನ ಹೊಲಿಗೆ ಕೋಣೆಗೆ ಬಂತು.

ದೊಡ್ಡಮ್ಮ ಎಂದರೆ ಸುಮ್ಮಿಯ ತಾಯಿಯ ಅಕ್ಕ. ಸುಮ್ಮಿ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಅವಳ ಕೈಕೆಳಗೆ ಕೆಲಸ ಕಲಿಯುತ್ತಿದ್ದಳು. ಯಾರು ಏನು ಕೇಳಿದರೂ ಸುಮ್ಮನಿರುತ್ತಾಳೆಂದು ಆ ಹೆಸರು ಅಂಟಿಕೊಂಡಿತ್ತು. ಆ ಕೋಣೆಯಲ್ಲಿ ನಡೆಯುವುದು ಬಟ್ಟೆಯ ಮೇಲೆ ಬಟ್ಟೆ ಕೂರಿಸುವ ಅಪ್ಲಿಕ್ ಕೆಲಸ. ಕತ್ತರಿಸಿದ ತುಂಡನ್ನು ಕೆಳಬಟ್ಟೆಯ ಮೇಲಿಟ್ಟು, ಅದರ ಅಂಚನ್ನು ಸೂಜಿಯ ಮೊನೆಯಿಂದಲೇ ಒಳಕ್ಕೆ ಮಡಿಸುತ್ತ, ಮಡಿಸಿದಷ್ಟನ್ನು ಕಣ್ಣಿಗೆ ಕಾಣದ ಹೊಲಿಗೆಯಲ್ಲಿ ಹಿಡಿಯುತ್ತ ಹೋಗಬೇಕು. ನೆಟ್ಟಗಿನ ರಸ್ತೆಗಳನ್ನು ಕೈ ಪಳಗಿದವರು ಮೊದಲೇ ಎತ್ತಿಕೊಂಡರು. ದುಂಡಗಿನದು ಯಾರಿಗೂ ಬೇಡವಾಗಿ ಸುಮ್ಮಿಯ ಮಡಿಲಿಗೆ ಬಿತ್ತು: ಹಸಿರು ಬಟ್ಟೆಯ ಸರ್ಕಲ್ಲು, ಊಟದ ತಟ್ಟೆಯಷ್ಟು ಅಗಲ.

ಸುಮ್ಮಿಗೆ ಒಂದು ದೌರ್ಬಲ್ಯವಿತ್ತು. ಎಳೆ ಬಿಟ್ಟುಕೊಂಡ ಹಸಿ ಅಂಚು ನಾಲ್ಕು ಜನರ ಕಣ್ಣಿಗೆ ಬಿದ್ದರೆ, ತಾನೇ ಅರೆಬರೆ ಉಟ್ಟು ಬೀದಿಗೆ ಬಂದಷ್ಟು ನಾಚಿಕೆ. ಹಾಗಾಗಿ ಬೆರಳುದ್ದದ ಅಂಚನ್ನು ಒಂದೇ ಸಲಕ್ಕೆ ಒಳಗೆ ತಳ್ಳಿ, ಉಗುರಿನಿಂದ ಗೀರಿ, ಆಮೇಲೆ ಹೊಲಿಯುತ್ತಿದ್ದಳು. ಒಳಗೆ ಹೋದ ಬಟ್ಟೆ ಸುಮ್ಮನಿರುತ್ತದೆಯೇ? ಗುಪ್ಪೆಯಾಗಿ ನಿರಿಗೆ ಕಟ್ಟುತ್ತದೆ. ಒಳಗಿನ ಒಂದೊಂದು ನಿರಿಗೆಗೂ ಹೊರಗೆ ಒಂದೊಂದು ಮೂಲೆ. ದೊಡ್ಡಮ್ಮ ನೋಡಿದಳು. ಗೋಡೆಯ ಮೇಲೆ ಎತ್ತರದಲ್ಲಿ ತೂಗುವ ವಸ್ತು, ದೂರದ ಬೆಟ್ಟ ನುಣ್ಣಗೆ ಎಂದುಕೊಂಡು ಬಿಟ್ಟಳು.

ಆದರೆ ಕಚೇರಿಯ ಇಂಜಿನಿಯರು ಏಣಿ ಹತ್ತುವ ಆಸಾಮಿ. ಸ್ಕೇಲು ಹಿಡಿದು ಅಳೆದರು, ಎರಡೆರಡು ಸಲ ಎಣಿಸಿದರು, ಏಳು ಎಂದು ಬರೆದುಕೊಂಡರು. ಮರುದಿನವೇ ಆಳುಗಳು ಸರ್ಕಲ್ಲಿನ ದುಂಡು ಕಟ್ಟೆ ಒಡೆದು ಏಳು ಮೂಲೆ ಕಟ್ಟಿದರು.

ಸುಮ್ಮಿಯ ಅಪ್ಪ ಬಸ್ ಡ್ರೈವರು. ಇಪ್ಪತ್ತೆರಡು ವರ್ಷ ಅದೇ ಸರ್ಕಲ್ಲನ್ನು ಒಂದೇ ಕೈಯಲ್ಲಿ ಸುತ್ತಿದವನು. ಈಗ ಏಳು ಸಲ ನಿಲ್ಲಿಸಿ, ಏಳು ಸಲ ಸ್ಟೇರಿಂಗ್ ತಿರುಗಿಸಬೇಕಾಯಿತು. ಮೂಲೆ ಬಂದಾಗಲೆಲ್ಲ ಕಂಡಕ್ಟರು ಎಚ್ಚರಿಸುತ್ತಿದ್ದ, ಜನ ಒಟ್ಟಿಗೆ ಎಡಕ್ಕೆ ವಾಲುತ್ತಿದ್ದರು. ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ಇಬ್ಬರು ವಾರಗಿತ್ತಿಯರು ಮೂರನೇ ಮೂಲೆಯಲ್ಲಿ ಒಬ್ಬರ ಮಡಿಲಲ್ಲಿ ಒಬ್ಬರು ಬಿದ್ದು, ಬೇರೆ ದಾರಿ ಕಾಣದೆ ಯೋಗಕ್ಷೇಮ ವಿಚಾರಿಸಿಕೊಂಡರು. ಬಸ್ಸು ದಿನಾ ತಡ. ತಿಂಗಳ ಕೊನೆಯೊಳಗೆ ಹೊತ್ತಿಗೆ ಸರಿಯಾಗಿ ಬರದಿದ್ದರೆ ಸ್ಟೇರಿಂಗ್ ಬಿಡಿಸಿ ಬಸ್ ತೊಳೆಯಲು ಹಾಕುತ್ತೇನೆಂದು ಡಿಪೋ ಮ್ಯಾನೇಜರು ಕಡ್ಡಿ ಮುರಿದಂತೆ ಹೇಳಿದ. ಮನೆಯಲ್ಲಿ ಅಪ್ಪ ಊಟಕ್ಕೆ ಕೂತು ತಟ್ಟೆಯನ್ನು ಏಳು ಸಲ, ನಿಲ್ಲಿಸಿ ನಿಲ್ಲಿಸಿ, ಸುತ್ತ ತಿರುಗಿಸಿದ. ಸುಮ್ಮಿ ತನ್ನ ತಟ್ಟೆ ಸರಿಸಿ ಎದ್ದಳು.

ಬೆಳಗಾಗುತ್ತಲೇ ದೊಡ್ಡಮ್ಮನ ಸೆರಗು ಹಿಡಿದು ಕಚೇರಿಗೆ ಹೋದಳು. ಬಿಚ್ಚಿ ಹೊಲಿಯಲು ಅಡ್ಡಿಯಿಲ್ಲ, ಆದರೆ ನಕ್ಷೆ ಕೆಳಗಿಡುವಂತಿಲ್ಲ ಎಂದರು ಇಂಜಿನಿಯರು. ಕೆಳಗಿಟ್ಟಷ್ಟು ಹೊತ್ತು ಊರಿಗೆ ನಕ್ಷೆ ಇರುವುದಿಲ್ಲ, ನಕ್ಷೆ ಇಲ್ಲದ ಊರು ಊರೇ ಅಲ್ಲ, ಅಷ್ಟರಲ್ಲಿ ಯಾರಾದರೂ ಹುಟ್ಟಿದರೆ ಎಲ್ಲಿ ಹುಟ್ಟಿದರೆಂದು ಬರೆಯುವುದು?

ಸುಮ್ಮಿ ಏಣಿ ಹತ್ತಿ ಗೋಡೆಯ ಮೇಲೆಯೇ ಬಿಚ್ಚಿದಳು. ಅವಳು ಒಂದು ಹೊಲಿಗೆ ಕಿತ್ತರೆ ಜವಾನ ಕಿಟಕಿಯಿಂದ ಕೂಗುತ್ತಿದ್ದ, ಹೊರಗೆ ಆಳುಗಳು ಒಂದು ಕಲ್ಲು ಕೀಳುತ್ತಿದ್ದರು. ಕತ್ತು ಓರೆ ಮಾಡಿ, ತಲೆಯ ಮೇಲೆ ಕೈಯೆತ್ತಿ, ಮತ್ತೆ ಹೊಲಿದಳು. ಸಂಜೆ ಎಣಿಸಿದರೆ ಒಂಬತ್ತು ಮೂಲೆ. ಮರುದಿನ ಅಪ್ಪನ ಕತ್ತು ಉಳುಕಿತು. ತಿಂಗಳು ಮುಗಿಯಲು ನಾಲ್ಕು ದಿನವಿತ್ತು.

ದೊಡ್ಡಮ್ಮ ಬಯ್ಯಲಿಲ್ಲ. ಒಂದು ಹಳೇ ತುಂಡು ತೆಗೆದು ಪಕ್ಕದಲ್ಲಿ ಕೂರಿಸಿಕೊಂಡಳು. ಅಂಚನ್ನು ಅಕ್ಕಿಕಾಳಿನ ಅಗಲಕ್ಕೆ ಕತ್ತರಿಸಿದಳು. ಸೂಜಿಯನ್ನು ಅಂಚಿನಡಿ ತೂರಿಸಿ, ಬೀಸಣಿಗೆ ಬಿಡಿಸುವ ಹಾಗೆ ಸವರಿದಳು. ಒಳಗಿನ ಬಟ್ಟೆ ಹರಡಿಕೊಂಡು ಕೂತಿತು.

"ಎಷ್ಟು ಮಡಿಸಿದೆ ನೋಡಿದ್ಯಾ?" ಎಂದಳು. "ಒಂದು ಹೊಲಿಗೆಗೆ ಆಗೋವಷ್ಟೇ. ಮುಂದಿಂದು ಹಸಿಯಾಗೇ ಇರ್ಲಿ ಬಿಡು. ಅದರ ಸರದಿ ಬಂದಾಗ ಅದು ಮಡಚ್ಕೊಳುತ್ತೆ. ಎಲ್ಲ ಈಗ್ಲೇ ಮುಚ್ಚೋಕೆ ನಿಂಗೇನೇ ಅವಸರ?"

"ಜನ ನೋಡ್ತಾರೆ," ಎಂದಳು ಸುಮ್ಮಿ.

"ನೋಡ್ಲಿ. ಅವರ ಅಂಚೇನು ಹೊಲಿದಿಟ್ಟಿದೆಯಾ?"

ಇನ್ನೊಂದು ಮಾತನ್ನೂ ಹೇಳಿದಳು. ದುಂಡಗಿನದನ್ನು ಹೊಲಿಯುವಾಗ ಕೈ ತಿರುಗಬಾರದು, ಬಟ್ಟೆ ತಿರುಗಬೇಕು. ಕೈ ಇದ್ದಲ್ಲೇ ಇದ್ದರೆ ಹೊಲಿಗೆಗೆ ಒಂದೇ ಹದ.

ಈ ಮಾತು ಕಚೇರಿಗೆ ತಲುಪಿದಾಗ ತುರ್ತು ಸಭೆ ಕರೆಯಬೇಕಾಯಿತು. ನಕ್ಷೆ ತಿರುಗಿದರೆ ಉತ್ತರ ದಿಕ್ಕಿನ ಗತಿಯೇನು? ಅರ್ಧ ದಿನ ಚರ್ಚೆ ನಡೆದು ದಾರಿ ಸಿಕ್ಕಿತು: ಮೆಂಬರುಗಳೇ ನಕ್ಷೆಯನ್ನು ಕೈಯಲ್ಲಿ ಹಿಡಿದು ಸುತ್ತಬೇಕು. ನೆಲಕ್ಕೆ ಇಡದೆ ಇರುವುದರಿಂದ ಇಳಿಸಿದಂತಲ್ಲ. ಒಂದು ಪೂರ್ತಿ ಸುತ್ತು ಬಂದರೆ ಉತ್ತರ ಮತ್ತೆ ಉತ್ತರಕ್ಕೇ ಬರುವುದರಿಂದ ತಿರುಗಿದಂತೆಯೂ ಅಲ್ಲ.

ಹೀಗಾಗಿ ತಿಂಗಳ ಕೊನೆಗೆ ಎರಡು ದಿನ ಇರುವಾಗ, ಬೆಳಿಗ್ಗೆ ಹತ್ತೂವರೆಗೆ, ಹನ್ನೊಂದು ಮೆಂಬರುಗಳು ನಕ್ಷೆಯ ಅಂಚನ್ನು ಸುರುಳಿ ಸುತ್ತಿ, ಸರ್ಕಲ್ಲು ನಡುವೆ ಬರುವಂತೆ ಬಿಗಿಯಾಗಿ ಹಿಡಿದು ನಿಂತರು. ಸುಮ್ಮಿ ಸ್ಟೂಲಿನ ಮೇಲೆ ಕೂತಳು. ಅವಳ ಹತ್ತಿರ ಬಂದ ಮೆಂಬರು ಅಂಚನ್ನು ಅವಳ ತೊಡೆಯ ಮೇಲೆ ಹಾಯಿಸಿ, ಬೆನ್ನ ಹಿಂದಿನಿಂದ ಬಳಸಿ ಬಂದು ಮತ್ತೆ ಹಿಡಿಯಬೇಕು. ಹಸಿರು ಬಟ್ಟೆಯ ಅಂಚು ಸುತ್ತಲೂ ಬಿಚ್ಚಿ, ಎಳೆ ಬಿಟ್ಟುಕೊಂಡು, ಹನ್ನೊಂದು ಜನರ ಮುಂದೆ ನಿರ್ಲಜ್ಜವಾಗಿ ಬಿದ್ದಿತ್ತು. ಸುಮ್ಮಿಯ ಕಿವಿ ಬಿಸಿಯಾಯಿತು. ಎಲ್ಲವನ್ನೂ ಒಂದೇ ಏಟಿಗೆ ಒಳಗೆ ತಳ್ಳಿಬಿಡಬೇಕೆಂದು ಬೆರಳು ತುಡಿಯಿತು. ಬೆರಳನ್ನು ಮಡಚಿಟ್ಟುಕೊಂಡಳು. ಸೂಜಿಯಿಂದ ಒಂದು ಹೊಲಿಗೆಯಷ್ಟೇ ಸವರಿದಳು, ಹಿಡಿದಳು, ಕಾದಳು.

ಯಾರೂ ಕದಲಲಿಲ್ಲ. ಯಾವಾಗ ಕದಲಬೇಕೆಂದು ಯಾರಾದರೂ ಹೇಳಬೇಕಲ್ಲ. ಹನ್ನೊಂದು ಜನ ಅವಳ ಬಾಯಿ ನೋಡುತ್ತಿದ್ದರು. ಮೂಲೆಯಲ್ಲಿ ಕೂತಿದ್ದ ದೊಡ್ಡಮ್ಮ ಬೇಕೆಂದೇ ಮೇಲೆ ತಿರುಗುವ ಫ್ಯಾನು ನೋಡುತ್ತಿದ್ದಳು.

"ಒಂದು ಹೆಜ್ಜೆ," ಎಂದಳು ಸುಮ್ಮಿ. ಸೂಜಿಗೇ ಹೇಳಿದಂತಿತ್ತು. ಮತ್ತೆ ಸ್ವಲ್ಪ ಗಟ್ಟಿಯಾಗಿ ಹೇಳಿದಳು. ಊರು ಒಂದು ಹೆಜ್ಜೆ ತಿರುಗಿತು.

ಮಧ್ಯಾಹ್ನದ ಹೊತ್ತಿಗೆ ಅರ್ಧ ಸರ್ಕಲ್ಲು ಕೂತಿತ್ತು. ಹೊರಗೆ ಆಳುಗಳು ಕಲ್ಲಿಗೊಂದು ಕಲ್ಲು ಜೋಡಿಸುತ್ತಿದ್ದರು. ಅಷ್ಟರಲ್ಲಿ ಡೊಳ್ಳುಹೊಟ್ಟೆಯ ಮೆಂಬರೊಬ್ಬರು ಊಟದ ಚಿಂತೆ ಹತ್ತಿ ಎರಡು ಹೆಜ್ಜೆ ಇಟ್ಟುಬಿಟ್ಟರು. ಬಟ್ಟೆ ಸರಕ್ಕನೆ ಜಾರಿತು.

ಸುಮ್ಮಿ ತಲೆಯೆತ್ತಿದಳು. "ಸಾರ್, ಒಂದೇ ಹೆಜ್ಜೆ. ನೀವು ಎರಡಿಟ್ರೆ ಅಲ್ಲಿ ನಮ್ಮಪ್ಪ ಬೀಳ್ತಾರೆ."

ಹುಟ್ಟಿದಾಗಿನಿಂದ ಅವಳು ಒಟ್ಟಿಗೆ ಆಡಿದ ಅತಿ ಉದ್ದದ ಮಾತು ಅದೇ ಇರಬೇಕು. ಮೆಂಬರು ಬೆವರೊರೆಸಿಕೊಂಡು, ಆಯ್ತಮ್ಮ ಎಂದರು. ಆಮೇಲೆ ಯಾರ ಹೊಟ್ಟೆಯೂ ಅವಸರ ಮಾಡಲಿಲ್ಲ. ಸಂಜೆ ಉತ್ತರ ಉತ್ತರಕ್ಕೆ ಬಂತು, ನಕ್ಷೆ ಮತ್ತೆ ಗೋಡೆಗೇರಿತು. ಇಂಜಿನಿಯರು ಏಣಿ ಹತ್ತಿ, ಕನ್ನಡಕ ಒರೆಸಿ, ಎಣಿಸಲು ಬಹಳ ಹೊತ್ತು ಮೂಲೆ ಹುಡುಕಿ, ಸೊನ್ನೆ ಎಂದು ಬರೆದರು.

ತಿಂಗಳ ಕೊನೆಯ ದಿನ ಸುಮ್ಮಿ ಅಪ್ಪನ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತಳು. ಬಸ್ಸು ಸರ್ಕಲ್ಲನ್ನು ಬೆಣ್ಣೆಯ ಮೇಲಿನ ಚಾಕುವಿನಂತೆ ಬಳಸಿತು. ಅಭ್ಯಾಸಬಲದಿಂದ ಜನ ಏಳು ಸಲ ಎಡಕ್ಕೆ ವಾಲಿದರು. ವಾರಗಿತ್ತಿಯರು ಬೀಳುವ ನೆಪ ಸಿಗದೆ, ತಾವಾಗಿಯೇ ಹತ್ತಿರ ಸರಿದು ಕೂತರು. ಡಿಪೋ ಮ್ಯಾನೇಜರು ಕೈಗಡಿಯಾರ ನೋಡಿ, ಅದು ನಿಂತಿದೆಯೇನೋ ಎಂದು ಕಿವಿಗಿಟ್ಟುಕೊಂಡ.

ಅಂದು ಊಟಕ್ಕೆ ಕೂತ ಅಪ್ಪ ತಟ್ಟೆಯನ್ನು ಒಂದೇ ಸಲ ಸುತ್ತ ತಿರುಗಿಸಿದ.

"ಹೊಲಿಗೆ ಎಲ್ಲಿದೆ ಅಂತ ದಾರಿಯುದ್ದಕ್ಕೂ ಹುಡುಕ್ದೆ ಕಣೇ," ಎಂದ. "ಸಿಗ್ಲಿಲ್ಲ."

ಸುಮ್ಮಿ ಹೇಳಿದಳು:

"ಹಳದಿ ಕಂಬದ ಹತ್ರ ಒಂಚೂರು ಉಬ್ಬಿದೆ, ನಿಧಾನ ಹೋಗಪ್ಪ. ಅದು ನಂದಲ್ಲ, ಮೆಂಬರ್ದು."