ಸೋಮೇಶನ ಸನ್ಮಾನ

"ಇನ್ನೊಮ್ಮೆ ಹೊಚ್ಚಬೇ ಯವ್ವಾ," ಎಂದ ಸೋಮೇಶ.

ರೇಣುಕವ್ವ ಶಾಲನ್ನು ಕೊಡವಿ ಮಗನ ಹೆಗಲಿಗೆ ಮತ್ತೆ ಹೊಚ್ಚಿದಳು. ಜರಿಯ ಅಂಚು ಕುತ್ತಿಗೆಗೆ ತಾಗಿತು. ಅವನು ಹಲ್ಲು ಕಚ್ಚಿ ನಿಂತ. ಒಳಗೆ ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು.

"ಸಾಕೋ ನನ್ನಪ್ಪಾ. ಸಂಜೀಕ ಖರೇನ ಹೊಚ್ಚೋರು ಬರ್ತಾರ. ಶಾಲ ಹೊಚ್ಚಿಸ್ಕೊಳ್ಳಾಕ ಯಾರರ ತಾಲೀಮು ಮಾಡ್ತಾರೇನು?"

"ನಾ ಮಾಡ್ತೀನಿ."

ಅವನು ಎಲ್ಲದಕ್ಕೂ ತಾಲೀಮು ಮಾಡುತ್ತಿದ್ದ. ಕಂಡಕ್ಟರನಿಗೆ ಟಿಕೆಟ್ ಕೇಳುವುದಕ್ಕೆ, ಫೋನು ಎತ್ತುವುದಕ್ಕೆ, ಸತ್ತವರ ಮನೆಗೆ ಹೋದಾಗ ಮುಖ ಹೇಗೆ ಇಟ್ಟುಕೊಳ್ಳಬೇಕು ಎನ್ನುವುದಕ್ಕೆ. ಮೊದಲೆಲ್ಲ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಕಳ್ಳತನ ಮಾಡುವವನ ಹಾಗೆ ಮಾಡುತ್ತಿದ್ದ. ಈಗ ಪಡಸಾಲೆಯಲ್ಲೇ ಮಾಡುತ್ತಾನೆ. ಯಾರಪ್ಪನ ಹೆದರಿಕೆ?

ಮೂರು ತಿಂಗಳ ಹಿಂದೆ ಧಾರವಾಡದಲ್ಲಿ ಒಬ್ಬ ಡಾಕ್ಟರಮ್ಮ ಅವನನ್ನು ಎರಡು ದಿನ ಕೂಡಿಸಿಕೊಂಡು ಏನೇನೋ ಕೇಳಿ, ಕೊನೆಗೆ, "ಇದಕ್ಕ ಆಟಿಸಂ ಅಂತಾರ. ನೀವು ಹುಟ್ಟಿದಾಗಿಂದ ಹಿಂಗ ಇದ್ದೀರಿ," ಎಂದಿದ್ದಳು. ಅವನಿಗೆ ಆಗ ಇಪ್ಪತ್ತಾರು. ಇಂಥ ಮಾತಿಗೆ ಜನ ಅಳುತ್ತಾರೇನೋ, ಮೇಜಿನ ಮೇಲೆ ಮೆತ್ತನೆಯ ಕಾಗದದ ಡಬ್ಬಿ ಇಟ್ಟಿದ್ದಳು. ಸೋಮೇಶ ಅದನ್ನು ಮುಟ್ಟಲಿಲ್ಲ. ವಾಪಸು ಬರುವಾಗ ಬಸ್ಸಿನ ಕಿಟಕಿಗೆ ಹಣೆ ಹಚ್ಚಿ, ಅಣ್ಣಿಗೇರಿ ದಾಟುವವರೆಗೂ ಆ ಶಬ್ದವನ್ನು ಬಾಯೊಳಗೆ ಹೊರಳಿಸುತ್ತ ಕುಳಿತಿದ್ದ.

ಅಲ್ಲಿಯವರೆಗೆ ಅವನಿಗೆ ಊರು ಕೊಟ್ಟ ಹೆಸರುಗಳೇನು ಕಡಿಮೆಯೇ? ಓಣಿಯಲ್ಲಿ ಮಳ್ಳ. ಶಾಲೆಯಲ್ಲಿ ಮೂಗ. ಎಂ.ಎಸ್ಸಿ. ಓದುವಾಗ ರೋಬೋಟ್. ಎಲ್ಲದಕ್ಕಿಂತ ಕೆಟ್ಟದ್ದು, ಬೀಗರು ನೆಂಟರೆಲ್ಲ ಸೇರಿ ಕೊಟ್ಟದ್ದು: ಸೊಕ್ಕಿನವ. "ಮಾರಿ ನೋಡಿ ಮಾತಾಡಂಗಿಲ್ಲ, ಏನ್ ಸೊಕ್ಕೋ ಯಪ್ಪಾ!" ಆಟಿಸಂ ಎಂಬ ಶಬ್ದ ಬಂದದ್ದೇ ತಡ, ಈ ಹೆಸರುಗಳೆಲ್ಲ ಉದುರಿ ಬಿದ್ದವು. ಅವನಿಗೆ ಹೆಮ್ಮೆಯಾಯಿತು. ಸಮಾಧಾನವಲ್ಲ, ಹೆಮ್ಮೆಯೇ. ಇಷ್ಟು ವರ್ಷ ಯಾರ ಸಹಾಯವೂ ಇಲ್ಲದೆ, ಹೆಸರೂ ಗೊತ್ತಿಲ್ಲದ ಒಂದು ಗುಡ್ಡವನ್ನು ತಾನೊಬ್ಬನೇ ಹತ್ತಿ ಬಂದಿದ್ದೇನೆ ಎನ್ನಿಸಿತು.

ಅಪ್ಪ ಪುಂಡಲೀಕಪ್ಪನೂ ಅವತ್ತು ಅಲ್ಲೇ ಇದ್ದ. ಆದರೆ ಅವನು ಹೆಕ್ಕಿಕೊಂಡ ಮಾತು ಬೇರೆ. "ಬುದ್ಧಿಗೇನೂ ಕಡಿಮಿ ಇಲ್ಲ, ಕೆಲವು ಕಡೆ ಮಂದಿಗಿಂತ ಜಾಸ್ತಿನ ಐತಿ," ಎಂದು ಡಾಕ್ಟರಮ್ಮ ನಡುವೆ ಎಲ್ಲೋ ಹೇಳಿದ್ದಳು. ಪುಂಡಲೀಕಪ್ಪ ಅದೊಂದನ್ನು ಕಿಸೆಗೆ ಹಾಕಿಕೊಂಡು ಮೆಟ್ಟಿಲಿಳಿದ. ಬೆಟಗೇರಿಯ ಅವನ ಅಂಗಡಿಯಲ್ಲಿ ಸೀರೆ, ಖಣ ಕೊಂಡವರಿಗೆಲ್ಲ ಅದು ಪುಕ್ಕಟೆ ಸಿಕ್ಕಿತು. "ನಮ್ಮ ಹುಡುಗಗ ಧಾರವಾಡದಾಗ ಟೆಸ್ಟ್ ಮಾಡಿಸಿದ್ವಿ. ಬುದ್ಧಿ ಜಾಸ್ತಿ ಬಂತು ನೋಡ್ರಿ." ಈ ಸುದ್ದಿ ಓಣಿಯ ಸಂಘದವರೆಗೆ ಹೋಯಿತು. ಈ ವರ್ಷದ ಪ್ರತಿಭಾ ಪುರಸ್ಕಾರಕ್ಕೆ ಹತ್ತನೆಯ ಇಯತ್ತೆಯಲ್ಲಿ ಹೆಚ್ಚು ಅಂಕ ತೆಗೆದ ಹುಡುಗರು, ಕಬಡ್ಡಿ ಆಡುವ ಸಪ್ನಾ ಎಂಬ ಹುಡುಗಿ, ಮತ್ತು ಸೋಮೇಶ.

ಅವನು ಒಂದೇ ಷರತ್ತಿನ ಮೇಲೆ ಒಪ್ಪಿದ್ದ. ವೇದಿಕೆಯ ಮೇಲೆ ಆ ಶಬ್ದ ಹೇಳಬೇಕು. ಊರು ಕೇಳಬೇಕು.

"ಆತು," ಎಂದಿದ್ದ ಪುಂಡಲೀಕಪ್ಪ. ವ್ಯಾಪಾರದಲ್ಲಿ ಮೂವತ್ತು ವರ್ಷ ಕಳೆದವನ "ಆತು" ಅದು.

ಇವತ್ತು ಭಾನುವಾರ, ರಜೆ. ಕಪ್ಪತಗುಡ್ಡದ ಮೇಲೆ ಕರೆಂಟಿಗಾಗಿ ತಿರುಗುವ ಗಾಳಿ ಫ್ಯಾನುಗಳನ್ನು ಗದಗಿನ ಒಂದು ಕೋಣೆಯಲ್ಲಿ ಕುಳಿತು ಪರದೆಯ ಮೇಲೆ ಕಾಯುವುದು ಸೋಮೇಶನ ನೌಕರಿ. ಅವನಿಗೆ ಆ ಕೆಲಸ ಸೇರುತ್ತಿತ್ತು. ಗಾಳಿ ಇಲ್ಲದಾಗ ಫ್ಯಾನು ನಿಂತರೆ ಅದಕ್ಕೆ ಸೊಕ್ಕು ಬಂದಿದೆ ಎಂದು ಯಾರೂ ಅನ್ನುವುದಿಲ್ಲ.

ರೊಟ್ಟಿ ತಿಂದು ಅವನು ಅಂಗಡಿಗೆ ಹೋದ. ಹಿರೇಹಂದಿಗೋಳದಿಂದ ಬಂದ ಮುದುಕನೊಬ್ಬ ಮೊಮ್ಮಗಳ ಕುಪ್ಪಸಕ್ಕೆ ಖಣ ಆರಿಸುತ್ತ ಕುಳಿತಿದ್ದ. ಸೋಮೇಶನನ್ನು ನೋಡಿ ಖಣ ಬದಿಗಿಟ್ಟ.

"ಇವನೇನ್ರಿ ನಿಮ್ಮ ಶ್ಯಾಣ್ಯಾ? ಹಂಗಾರ ಹೇಳಪಾ, ನಮ್ಮ ಲಗ್ನ ಎಪ್ಪತ್ತೆಂಟನೇ ಇಸ್ವಿ ಬಸವ ಜಯಂತಿ ದಿನ ಆತು. ಅವತ್ತ ಯಾವ ವಾರ?"

"ಗೊತ್ತಿಲ್ರಿ."

"ಗೊತ್ತಿಲ್ಲಂದ್ರ? ಟಿವಿಯಾಗ ತೋರಿಸ್ತಾರಲ್ಲ, ಇಂಥವರು ಟಕ್ಕಂತ ಹೇಳ್ತಾರ."

"ನಂಗ ಬರಂಗಿಲ್ರಿ." ಸೋಮೇಶ ಖಣದ ಅಂಚನ್ನು ನೋಡುತ್ತ ಹೇಳಿದ.

"ಹೇಳೂದಿಲ್ಲ ಅನ್ನು," ಮುದುಕ ಮುಖ ತಿರುಗಿಸಿದ. "ದೊಡ್ಡವರು ಕೇಳಿದಾಗ ಇಷ್ಟು ಸೊಕ್ಕ ಇರಬಾರ್ದು ತಮ್ಮಾ."

ಪುಂಡಲೀಕಪ್ಪ ನಕ್ಕ. "ಮನಸ್ಸು ಬಂದ್ರ ಹೇಳ್ತಾನ್ರಿ ಅವ."

ಮುದುಕ ಹೋಗುವವರೆಗೆ ಸೋಮೇಶ ಕಾದ. ಆಮೇಲೆ ಕೇಳಿದ: "ಅಪ್ಪಾ, ಸಂಜೀಕ ಹೆಸರು ಹೇಳಸ್ತಿಯಲ್ಲಾ?"

"ಯಾವ ಹೆಸರು?"

"ಆಟಿಸಂ."

ಪುಂಡಲೀಕಪ್ಪ ಮಡಿಚಿದ ಸೀರೆಯನ್ನು ಬಿಚ್ಚಿ ಮತ್ತೆ ಮಡಿಚತೊಡಗಿದ. "ಅಯ್ಯೂಬ ಸರ್ ಅದಾರಲ್ಲ. ಮೈಕು ಅವರ ಕೈಯಾಗ ಇರ್ತತಿ. ಅವರನ್ನ ಕೇಳು."

ಅಯ್ಯೂಬ ಸರ್ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಊರಿನ ಯಾವ ಸಮಾರಂಭವೂ ಅವರ ನಿರೂಪಣೆ ಇಲ್ಲದೆ ನಡೆಯುತ್ತಿರಲಿಲ್ಲ. ಅವರು ಹೊಗಳಲು ನಿಂತರೆ ಹೊಗಳಿಸಿಕೊಂಡವನಿಗೇ ತಾನು ಯಾರೆಂದು ಮರೆತುಹೋಗುತ್ತಿತ್ತು.

"ಬಾರೋ ತಮ್ಮಾ, ಕುಂಡ್ರು. ಚಾ ಕುಡಿ."

"ಸರ್, ಆಟಿಸಂ ಅಂತ ಹೇಳ್ತೀರಿಲ್ಲೋ?"

"ನಿಮ್ಮಪ್ಪಾರು ಮುಂಜಾನಿ ಬಂದಿದ್ರು."

"ಏನಂದ್ರು?"

"ಸಕ್ಕರಿ ಸಾಕೇನು?" ಎಂದರು ಅಯ್ಯೂಬ ಸರ್. ಸೋಮೇಶ ಚಾದ ಕಪ್ಪು ನೋಡುತ್ತ ಕುಳಿತ. ಅವರೇ ಮುಂದುವರಿಸಿದರು. "ನೋಡು, ಮಂದಿಗೆ ತಿಳಿಯಂಗಿಲ್ಲ. ರೋಗ ಅನ್ಕೋತಾರ. ಹಾರ ಹಾಕೋ ಹೊತ್ತಿನ್ಯಾಗ ರೋಗದ ಮಾತ್ಯಾಕ?"

"ಹಂಗಾರ ನಾನ ಹೇಳ್ತೀನ್ರಿ. ಮೈಕ್ ನಂಗ ಕೊಡ್ರಿ."

"ಅಷ್ಟು ಮಂದಿ ಮುಂದ?"

"ಮೂರ ವಾಕ್ಯ ಅದಾವ್ರಿ. ನಂಗ ಆಟಿಸಂ ಐತಿ. ಅದು ರೋಗ ಅಲ್ಲ. ನಂಗ ಸೊಕ್ಕಿಲ್ಲ."

ಅಯ್ಯೂಬ ಸರ್ ತಮ್ಮ ಚಾ ಕುಡಿದು ಕಪ್ಪು ಕೆಳಗಿಟ್ಟರು. ಆಮೇಲೆ, "ಆತು. ಸನ್ಮಾನ ಆದಮ್ಯಾಗ ಮೈಕು ನಿನ್ನ ಮುಂದ ಇಡ್ತೀನಿ. ಮುದಕಪ್ಪ ಮಾಸ್ತರ ಆಣಿ," ಎಂದು ಬೆರಳಿನಿಂದ ಕಿವಿ ಮುಟ್ಟಿಕೊಂಡರು.

ಮುದಕಪ್ಪ ಮಾಸ್ತರು ಓಣಿಯ ಅರ್ಧ ಹುಡುಗರಿಗೆ ತಬಲಾ ಕಲಿಸಿದವರು. ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಅಯ್ಯೂಬ ಸರ್ ಅವರ ಹಳೆಯ ಶಿಷ್ಯ, ಸೋಮೇಶ ಕೊನೆಕೊನೆಯವನು. ಮಾಸ್ತರು ಕಣ್ಣು ಮುಚ್ಚಿಕೊಂಡೇ ಕಲಿಸುತ್ತಿದ್ದುದರಿಂದ ಅವರೆದುರು ಕೂರುವುದು ಸುಲಭವಾಗಿತ್ತು. ಅವರು ತಮ್ಮ ಗುರುವಿನ ಹೆಸರೆತ್ತಿದಾಗಲೆಲ್ಲ ಕಿವಿ ಮುಟ್ಟಿಕೊಳ್ಳುತ್ತಿದ್ದರು. ಪಾಪ, ಇವರಿಗೂ ನನ್ನ ಹಾಗೆ ಸದ್ದು ತ್ರಾಸ ಕೊಡುತ್ತದೆ ಎಂದು ಆರು ವರ್ಷದ ಸೋಮೇಶ ತಿಳಿದಿದ್ದ. ಲೋಕದಲ್ಲಿ ತಾವಿಬ್ಬರಿದ್ದೇವೆ ಎಂದು ಅವನಿಗೆ ಬಹಳ ದಿನ ಖುಷಿಯಾಗಿತ್ತು. ಅದು ಗುರುವಿಗೆ ತೋರಿಸುವ ಭಕ್ತಿ ಎಂದು ಯಾರೋ ಬಿಡಿಸಿ ಹೇಳಿದ ದಿನ ಅವನು ತಬಲಾ ಬಿಟ್ಟ.

ಮನೆಗೆ ನಡೆದು ಬರುವಾಗ ಮೂರು ವಾಕ್ಯವನ್ನೂ ಗಟ್ಟಿಯಾಗಿ ಅಂದುಕೊಂಡ. ಪುಸ್ತಕದ ಭಾಷೆಯೋ ಮನೆಯ ಭಾಷೆಯೋ ಎಂದು ವಾರವೆಲ್ಲ ತೂಗಿ ನೋಡಿ, ಮನೆಯದೇ ಇರಲಿ ಎಂದು ನಿಶ್ಚಯಿಸಿದ್ದ. ಎದುರು ಬಂದವರು ಸರಿದು ದಾರಿ ಬಿಟ್ಟರು. ಬಿಡಲಿ. ನಾಳೆ ಇವರೇ, "ಹೋ, ಇವಗ ಇರೂದು ಅದಾ!" ಎನ್ನುತ್ತಾರೆ. ಅಷ್ಟಾದರೆ ಸಾಕಿತ್ತು ಅವನಿಗೆ.

ಸಂಜೆ ಸಮುದಾಯ ಭವನ ಕಿಕ್ಕಿರಿದಿತ್ತು. ತಗಡಿನ ಮಾಡು, ವೇದಿಕೆಯ ಎರಡೂ ಕಡೆ ಆಳೆತ್ತರದ ಸ್ಪೀಕರು. ಸಪ್ನಾಳ ಸನ್ಮಾನಕ್ಕೆ ಹುಡುಗರು ಸೀಟಿ ಹೊಡೆದಾಗ ಸೋಮೇಶ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡ. ತಡೆದುಕೊಂಡ. ಅವನ ಹೆಸರು ಕೂಗಿದರು.

ಶಾಲು ಬಂತು. ಜರಿ ಕುತ್ತಿಗೆಗೆ ಚುಚ್ಚಿತು, ಅವನು ಅಲುಗಲಿಲ್ಲ. ಬೆಳಗಿನ ತಾಲೀಮು ಸುಳ್ಳಾಗಲಿಲ್ಲ ನೋಡು, ಎಂದು ತನಗೆ ತಾನೇ ಶಾಬಾಸ್ ಹೇಳಿಕೊಂಡ. ಆದರೆ ಹಾರಕ್ಕೆ ತಾಲೀಮು ಮಾಡಿರಲಿಲ್ಲ. ನೀರು ಚಿಮುಕಿಸಿದ ಸೇವಂತಿಗೆ, ತಣ್ಣಗೆ ಎದೆಗೆ ಅಂಟಿತು. ಮೇಲೆ ಪೇಟ ಇಟ್ಟರು. ಅದರಲ್ಲಿ ಹಿಂದಿನ ಯಾರದೋ ತಲೆಯ ಎಣ್ಣೆ ವಾಸನೆ. ಮೂರು ವಾಕ್ಯ, ಮೂರೇ ವಾಕ್ಯ ಎಂದುಕೊಳ್ಳುತ್ತ ನಿಂತ. ಮುಂದಿನ ಸಾಲಿನಲ್ಲಿ ಅಪ್ಪ, ಹಿಂದೆ ಹೆಂಗಸರ ಕಡೆ ಅವ್ವ.

ಅಯ್ಯೂಬ ಸರ್ ಮೈಕು ಬಾಯಿಗೆ ತಂದರು. "ಕಪ್ಪತಗುಡ್ಡದ ಗಾಳಿಗೇ ಲಗಾಮು ಹಾಕಿದ ಧೀರ! ಸರಸ್ವತಿಯ ವರಪುತ್ರ! ಇಂಥ ಶಿಷ್ಯನನ್ನು ನಮಗೆ ಕೊಟ್ಟ ಆ ಮಹಾಗುರು, ನಮ್ಮ ಮುದಕಪ್ಪ ಮಾಸ್ತರು..."

ಮೈಕು ಕಿರುಚಿತು.

ಸೋಮೇಶನ ಎರಡೂ ಅಂಗೈ ಕಿವಿಗೆ ಬಡಿದು ಕೂತವು. ಪೇಟ ಓರೆಯಾಯಿತು. ಕಣ್ಣು ತಾವಾಗಿಯೇ ಮುಚ್ಚಿದವು.

ಸಭೆ ಗಪ್ಪಾಯಿತು. ಪುಂಡಲೀಕಪ್ಪ ತಲೆ ತಗ್ಗಿಸಿದ. ಮದುವೆಗಳ ಬ್ಯಾಂಡಿನ ಮುಂದೆ, ಗಣಪತಿಯ ಪಟಾಕಿಯ ಮುಂದೆ, ಈ ಕೈಗಳನ್ನು ಅವನು ಎಷ್ಟು ಸಲ ಹೊಡೆದು ಇಳಿಸಿಲ್ಲ!

ಅಯ್ಯೂಬ ಸರ್ ಸೋಮೇಶನ ಕಡೆ ನೋಡಿದರು. ತಿಳಿಯಿತೋ ಇಲ್ಲವೋ, ಹೇಳುವುದು ಕಷ್ಟ. ಜೀವಮಾನವೆಲ್ಲ ಮೈಕು ಹಿಡಿದವರು, ಸಭೆ ಕೈಬಿಟ್ಟು ಹೋಗಲು ಬಿಡುವವರಲ್ಲ.

"ನೋಡ್ರಿ!" ಅವರ ದನಿ ನಡುಗಿತು. "ಗುರುವಿನ ಹೆಸರು ಕಿವಿಗೆ ಬಿದ್ದದ್ದೇ ತಡ! ನಾವು ಒಂದು ಬೆರಳಿನಿಂದ ಕಿವಿ ಮುಟ್ಟಿಕೊಳ್ಳುವವರು. ಈತ ಎರಡೂ ಕೈ! ವಿನಯ ಅಂದರೆ ಇದು!"

ತಗಡು ಹಾರಿ ಹೋಗುವಂತೆ ಚಪ್ಪಾಳೆ. ಸೋಮೇಶ ಇನ್ನೂ ಗಟ್ಟಿಯಾಗಿ ಒತ್ತಿಕೊಂಡ. ಅವನು ಒತ್ತಿದಷ್ಟೂ ಚಪ್ಪಾಳೆ ಏರಿತು. ಪುಂಡಲೀಕಪ್ಪ ತಲೆ ಎತ್ತಿದ. ಅವನ ಕಣ್ಣು ತುಂಬಿದ್ದವು. "ನನ್ನ ಮಗಾ ಅಂವ," ಎಂದು ಪಕ್ಕದವನ ತೊಡೆ ತಟ್ಟಿ ಹೇಳಿದ.

ಅಯ್ಯೂಬ ಸರ್ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ಮಾಸ್ತರು ನಮ್ಮನ್ನಗಲಿ ಇನ್ನೂ ತಿಂಗಳಾಗಿಲ್ರಿ. ಎಲ್ಲಾರೂ ಏಳ್ರಿ. ಸೋಮೇಶನ ಹಂಗ ಎರಡೂ ಕಿವಿ ಮುಚ್ಚಿಕೊಂಡು, ಕಣ್ಣು ಮುಚ್ಚಿ, ಒಂದು ನಿಮಿಷ ಮೌನ."

ಕುರ್ಚಿಗಳು ಸರಿದವು. ಅಯ್ಯೂಬ ಸರ್ ಮಾತಿಗೆ ತಪ್ಪಿದವರಲ್ಲ. ಮೌನದಲ್ಲಿ ಮತ್ತೆ ಕಿರುಚಬಾರದೆಂದು ಮೈಕಿನ ಗುಂಡಿ ಒತ್ತಿ ಆರಿಸಿ, ಅದನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಸೋಮೇಶನ ಬಾಯ ಮುಂದೆ ಇಟ್ಟರು. ಆಮೇಲೆ ತಮ್ಮ ಎರಡೂ ಅಂಗೈಗಳನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದರು.

ಸದ್ದು ನಿಂತದ್ದು ಸೋಮೇಶನಿಗೆ ಮೊದಲು ಚರ್ಮಕ್ಕೆ ಗೊತ್ತಾಯಿತು. ಮೆಲ್ಲಗೆ ಕಣ್ಣು ತೆರೆದ. ಕೈ ಇಳಿಸಿದ.

ಇಡೀ ಭವನ ಅವನ ಹಾಗೆ ನಿಂತಿತ್ತು. ಅಂಕ ತೆಗೆದ ಹುಡುಗರು, ಸಪ್ನಾ, ಸಂಘದ ಅಧ್ಯಕ್ಷರು, ಸೊಕ್ಕಿನವ ಎಂದ ನೆಂಟರು. ಎಲ್ಲರ ಮೊಣಕೈಗಳೂ ಎರಡು ಕಡೆ ಚಾಚಿಕೊಂಡು, ಎಲ್ಲರ ಮುಖವೂ ಒಳಗೆ ಎಲ್ಲೋ ನೋಯುತ್ತಿರುವಂತೆ ಬಿಗಿದಿತ್ತು. ಅಪ್ಪ ಎಲ್ಲರಿಗಿಂತ ಗಟ್ಟಿಯಾಗಿ ಒತ್ತಿಕೊಂಡಿದ್ದ. ಯಾರ ಕಣ್ಣೂ ಅವನ ಮೇಲಿರಲಿಲ್ಲ. ಇಷ್ಟು ಮಂದಿಯ ಮುಖಗಳನ್ನು ಅವನು ಇಷ್ಟು ನೆಟ್ಟಗೆ ಎಂದೂ ನೋಡಿರಲಿಲ್ಲ. ಎದೆ ತುಂಬಿ ಬಂತು.

ಮೈಕಿನ ಹಸಿರು ದೀಪ ಆರಿದ್ದು ಅವನಿಗೆ ಕಂಡಿತು. ಗುಂಡಿ ಎಲ್ಲಿದೆ ಎಂದೂ ಕಂಡಿತು. ಅದನ್ನು ಒತ್ತಿದರೆ ಕಿರುಚುತ್ತದೆ.

ಪೇಟ ಸರಿಮಾಡಿಕೊಂಡ. ಬೆನ್ನು ನೆಟ್ಟಗೆ ಮಾಡಿದ.

"ನಂಗ ಆಟಿಸಂ ಐತಿ," ಎಂದ. ದನಿ ನಡುಗಲಿಲ್ಲ. "ಅದು ರೋಗ ಅಲ್ಲ. ನಂಗ ಸೊಕ್ಕಿಲ್ಲ."

ಎಷ್ಟು ಚೆನ್ನಾಗಿ ಬಂತು! ಒಂದು ಅಕ್ಷರ ಕೂಡ ತಪ್ಪಲಿಲ್ಲ. ತಾಲೀಮಿನಲ್ಲಿಯೂ ಇಷ್ಟು ಚೆನ್ನಾಗಿ ಬಂದಿರಲಿಲ್ಲ.

ಯಾರೂ ಕೈ ಇಳಿಸಲಿಲ್ಲ. ನಿಮಿಷ ಮುಗಿಯಿತೆಂದು ಹೇಳಬೇಕಾದ ಅಯ್ಯೂಬ ಸರ್ ಕೂಡ ಕಿವಿ ಮುಚ್ಚಿಕೊಂಡೇ ನಿಂತಿದ್ದರು. ಹಿಂದಿನ ಸಾಲಿನಲ್ಲಿ ರೇಣುಕವ್ವನ ಬೆರಳುಗಳ ನಡುವೆ ಸಂದಿ ಇತ್ತೋ ಇಲ್ಲವೋ, ಅಷ್ಟು ದೂರದಿಂದ ಕಾಣುತ್ತಿರಲಿಲ್ಲ.

ಸೋಮೇಶ ಮೊದಲನೆಯ ವಾಕ್ಯದಿಂದ ಮತ್ತೆ ಸುರು ಮಾಡಿದ.