ಹಳೇ ಸ್ಟಾಕಿನ ಪೈಪು

"ಇನ್ನೊಂದು ಸಲ ಸೆಲ್ಫ್ ಹೊಡಿ," ಎಂದ ಕಿವಿ ಮೇಸ್ತ್ರಿ, ಬಾನೆಟ್ಟಿನೊಳಗಿಂದ ತಲೆ ಎತ್ತದೆ.

ತಂಗಿ ಕೀ ತಿರುಗಿಸಿದಳು. ಪಿಕಪ್ಪು ಮೂರು ಸಲ ಕೆಮ್ಮಿ ಸುಮ್ಮನಾಯಿತು. ಸೇತುವೆಯ ಮೇಲೆ ಹಿಂದೆ ಸಾಲುಗಟ್ಟಿದ್ದ ಗಾಡಿಗಳವರು ಹಾರ್ನಿನ ಮೇಲಿಟ್ಟ ಕೈ ತೆಗೆಯುತ್ತಿರಲಿಲ್ಲ. ಗೋಣಿತಾಟು ಹೊದಿಸಿದ್ದ ಇಪ್ಪತ್ತು ಮಂಜುಗಡ್ಡೆಗಳ ನೀರು ಹಲಗೆಯ ಸಂದಿಯಲ್ಲಿ ಇಳಿದು ಟಾರಿನ ಮೇಲೆ ಹರಿಯುತ್ತಿತ್ತು. ಎಂಟು ಗಂಟೆಯೊಳಗೆ ಅವು ಮೀನು ಮಾರ್ಕೆಟ್ಟಿನಲ್ಲಿ ಇರಬೇಕು. ಆಗಲೇ ಎಂಟೂ ಕಾಲು.

"ಅಣ್ಣ, ಮೊನ್ನೆ ತಾನೇ ಎಲ್ಲ ಬಿಚ್ಚಿ ಕಟ್ಟಿದ್ಯಲ್ಲ."

"ಕಟ್ಟಿದ್ದು ನಾನು. ಕುಡಿಸಿದ್ದು ಆ ಪಂಪಿನವನು. ಅವನನ್ನ ಕೇಳು."

ತಿಂಗಳಲ್ಲಿ ಇದು ಮೂರನೆಯ ಸಲ. ಮೇಸ್ತ್ರಿ ಕಾರ್ಬ್ಯುರೇಟರಿನ ಜೆಟ್ಟನ್ನು ಬಿಚ್ಚಿದ. ಪೆಟ್ರೋಲು ಹಾಯುವ ಸೂಜಿಗಣ್ಣಿನಷ್ಟು ತೂತು ಅದರಲ್ಲಿ. ಆ ತೂತಿನಲ್ಲಿ ಕರಿಯ ಕಸ ಸಿಕ್ಕಿಕೊಂಡಿತ್ತು. ಬಾಯಿಗಿಟ್ಟು ಊದಿದ, ನಾಲಿಗೆಗೆ ತಾಗಿದ ಪೆಟ್ರೋಲನ್ನು ಉಗುಳಿದ, ಮತ್ತೆ ಕೂರಿಸಿದ. ಎಂಜಿನ್ನು ಹೊತ್ತಿಕೊಂಡಿತು. ತಂಗಿ ಥ್ಯಾಂಕ್ಸು ಹೇಳುವಷ್ಟೂ ನಿಲ್ಲಲಿಲ್ಲ. ಕೈಯಲ್ಲಿ ಸ್ಪ್ಯಾನರು ಹಿಡಿದ ಅಣ್ಣನನ್ನು ಸೇತುವೆಯ ಮೇಲೇ ಬಿಟ್ಟು, ದಾರಿಯುದ್ದಕ್ಕೂ ನೀರು ಚೆಲ್ಲುತ್ತ ಹೋದಳು.

ಮಾರ್ಕೆಟ್ಟಿನ ಮೇಲ್ವಿಚಾರಕ ಅವತ್ತು ಗಡ್ಡೆಗಳನ್ನು ಇಳಿಸಿಕೊಂಡ, ಆದರೆ ಎಲ್ಲರ ಮುಂದೆ ಹೇಳಿದ: "ನೋಡಮ್ಮ, ಮೀನಿಗೆ ನಿನ್ನ ಗಾಡಿಯ ಕಷ್ಟಸುಖ ಗೊತ್ತಾಗಲ್ಲ. ಇನ್ನೊಂದೇ ಒಂದು ಸಲ ತಡ ಆದ್ರೆ, ಐಸಿನ ಕೆಲಸ ಆ ಮುಚ್ಚಿದ ವ್ಯಾನಿನವರಿಗೆ ಕೊಡ್ತೀನಿ." ಹದಿನಾರು ವರ್ಷದಿಂದ ಆ ಮಾರ್ಕೆಟ್ಟಿಗೆ ಐಸು ಹಾಕುತ್ತಿದ್ದವಳು ಅವಳು. ಅವಳಿಗೆ ಗೊತ್ತಿದ್ದುದು ಅದೊಂದೇ ಕೆಲಸ, ಇದ್ದುದು ಅದೊಂದೇ ಗಾಡಿ.

ಕಿವಿ ಮೇಸ್ತ್ರಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಯಾವ ಸಿಲಿಂಡರಿಗೆ ಏನು ಕಾಯಿಲೆ ಎಂದು ಹೇಳುತ್ತಿದ್ದ. ಹಳೆಯ ಪಿಕಪ್ಪುಗಳು ಅವನ ಶೆಡ್ಡಿನ ಮುಂದೆ ಆಸ್ಪತ್ರೆಯ ಸಾಲಿನಂತೆ ನಿಲ್ಲುತ್ತಿದ್ದ ಕಾಲವಿತ್ತು. ಈಗಲೂ ನಿಲ್ಲುತ್ತಿದ್ದವು, ಆದರೆ ರಿಪೇರಿಯಾಗಿ ಹೋದದ್ದೇ ವಾರಕ್ಕೆ ವಾಪಸು ಬರುತ್ತಿತ್ತು. ಪಂಪಿನಲ್ಲಿ ಎಥನಾಲ್ ಬೆರೆಸಿದ ಪೆಟ್ರೋಲು ಶುರುವಾದಾಗಿನಿಂದ ಇದೇ ಗೋಳು. ಜನಕ್ಕೇನು, ಅವರು ಪೆಟ್ರೋಲನ್ನು ನೋಡುತ್ತಾರೆಯೇ? ಮೇಸ್ತ್ರಿಯ ಮುಖ ನೋಡುತ್ತಾರೆ. "ಕಿವಿ ಮಂದ ಆಗಿದೆ, ಪಾಪ," ಎಂದು ಅವನ ಗಿರಾಕಿಯೇ ಆದ ಬಡಗಿ ಚಹಾದಂಗಡಿಯಲ್ಲಿ ಹೇಳಿದ್ದು ಸಂಜೆಯೊಳಗೆ ಮೇಸ್ತ್ರಿಯ ಆ ಮಂದವಾದ ಕಿವಿಗೇ ಬಿದ್ದಿತ್ತು.

ಮಧ್ಯಾಹ್ನ ತಂಗಿ ಗಾಡಿ ತಂದು ಶೆಡ್ಡಿನಲ್ಲಿ ನಿಲ್ಲಿಸಿದಳು. ಮೇಸ್ತ್ರಿ ಟ್ಯಾಂಕಿನಿಂದ ಒಂದಿಷ್ಟು ಪೆಟ್ರೋಲು ಇಳಿಸಿದ. ಗೆರೆ ಹಾಕಿದ ಔಷಧದ ಬಾಟಲಿಗೆ ಮೊದಲು ಎರಡು ಗೆರೆ ನೀರು, ಅದರ ಮೇಲೆ ಪೆಟ್ರೋಲು ಹುಯ್ದು, ಮುಚ್ಚಳ ಬಿಗಿದು ಅಲುಗಾಡಿಸಿ ಬೆಂಚಿನ ಮೇಲಿಟ್ಟ. ಸ್ವಲ್ಪ ಹೊತ್ತಿಗೆ ತಿಳಿಯಾಯಿತು. ಎರಡು ಗೆರೆಯಿದ್ದ ನೀರು ನಾಲ್ಕು ಗೆರೆಗೆ ಏರಿತ್ತು.

"ನೋಡಿದ್ಯಾ? ಆ ಎಥನಾಲು ನೀರಿನ ಜೊತೆ ಸೇರ್ಕೊಂಡು ಕೂತಿದೆ. ಇದನ್ನ ಕುಡಿದು ಯಾವ ಗಾಡಿ ಓಡುತ್ತೆ?"

"ಆ ಕರಿ ಕಸ ಎಲ್ಲಿಂದ ಬರುತ್ತೆ ಅಣ್ಣ?"

"ಅದೂ ಅಲ್ಲಿಂದಲೇ. ಪಂಪಿನ ತೊಟ್ಟಿ ತೊಳೆದು ಎಷ್ಟು ವರ್ಷ ಆಯ್ತೋ."

ಮೇಸ್ತ್ರಿ ಕಾರ್ಬ್ಯುರೇಟರನ್ನು ತೊಳೆದ, ಫಿಲ್ಟರು ಬದಲಾಯಿಸಿದ. ಕೊನೆಗೆ ಮೂಲೆಯ ಕಬ್ಬಿಣದ ಪೆಟ್ಟಿಗೆ ತೆರೆದು ಪೆಟ್ರೋಲ್ ಪೈಪಿನ ಸುರುಳಿ ಹೊರಗೆ ತೆಗೆದ. ಗಾಡಿ ತಯಾರಿಸಿದ ಕಂಪನಿಯದೇ ರಬ್ಬರು. ಕಂಪನಿ ಆ ಗಾಡಿ ಮಾಡುವುದನ್ನು ನಿಲ್ಲಿಸಿದ ವರ್ಷ ಗೋದಾಮಿನಲ್ಲಿ ಉಳಿದಿದ್ದನ್ನೆಲ್ಲ ತಂದು, ಪೌಡರು ಸವರಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಜೋಪಾನ ಮಾಡಿದ್ದ. ಕಂಡವರಿಗೆಲ್ಲ ಅದನ್ನು ಹಾಕುತ್ತಿರಲಿಲ್ಲ. ಬೇಕಾದವರ ಗಾಡಿಗೆ ಮಾತ್ರ.

"ಅದೇ ಪೈಪಾ?" ಎಂದಳು ತಂಗಿ.

"ಅದೇ ಅಂದ್ರೆ? ಇಂಥ ಮಾಲು ಈಗ ದುಡ್ಡು ಕೊಟ್ರೂ ಸಿಗಲ್ಲ ಕಣೆ."

ಅವಳು ಆ ಪೈಪನ್ನು ಇನ್ನೊಮ್ಮೆ ನೋಡಿ, ಗೋಣಿತಾಟುಗಳನ್ನು ಹಿಂಡಿ ಬಿಸಿಲಿಗೆ ಹರಡಲು ಹೋದಳು.

ಮರುದಿನ ಮೇಸ್ತ್ರಿ ಬಾಟಲಿ ಹಿಡಿದು ಪಂಪಿಗೆ ಹೋದ. ದಾರಿಯಲ್ಲಿ ಚಹಾದಂಗಡಿ, ಟೈರಿನಂಗಡಿ, ಕೊನೆಗೆ ಕ್ಷೌರದಂಗಡಿಯಲ್ಲೂ ನಿಂತು ಅದನ್ನು ತೋರಿಸಿದ್ದ. ಪಂಪಿನ ಮ್ಯಾನೇಜರು ಇಸ್ತ್ರಿ ಮಾಡಿದ ಅಂಗಿಯ ಸಭ್ಯಸ್ಥ. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಮಗು ಬರೆದ ಚಿತ್ರ ನೋಡಿದಂತೆ ತಲೆಯಾಡಿಸಿದ.

"ಸರಿಯಾಗಿದೆ ಸಾರ್. ಎಥನಾಲ್ ಇದ್ರೆ ಹೀಗೇ ಆಗ್ಬೇಕು."

"ಅಂದ್ರೆ ಒಪ್ಕೋತೀರಾ?"

"ಒಪ್ಕೊಳ್ಳೋದೇನು ಸಾರ್, ಬೋರ್ಡೇ ಹಾಕಿದೀವಲ್ಲ."

ಹೌದು, ಹಾಕಿದ್ದರು. ಪಂಪಿನ ಪಕ್ಕದಲ್ಲಿ, ಮೊಣಕಾಲಿನ ಎತ್ತರಕ್ಕೆ, ಎಥನಾಲ್ ಬೆರೆಸಿದೆ ಎಂಬ ಹಸಿರು ಚೀಟಿ. ಕಳ್ಳನನ್ನು ಹಿಡಿದೆನೆಂದು ಓಡಿ ಬಂದವನಿಗೆ, ಕಳ್ಳನೇ ಕುರ್ಚಿ ಹಾಕಿ ಕೂರಿಸಿ ನೀರು ಕೊಟ್ಟ ಹಾಗಾಯಿತು. ಬೈಯೋಣವೆಂದರೆ ಎದುರಿನವನು ಬೈಸಿಕೊಳ್ಳಲು ಸಿದ್ಧನಿಲ್ಲ. ಇದಕ್ಕಿಂತ ಕೆಟ್ಟ ಅವಮಾನವಿಲ್ಲ.

"ಹೊಸ ಗಾಡಿಗೆ ತೊಂದರೆ ಇಲ್ಲ ಸಾರ್. ಹಳೇದಕ್ಕೆ ಪೈಪು, ವಾಷರು ಎಲ್ಲ ಇದಕ್ಕೆ ತಕ್ಕದ್ದು ಹಾಕಿಸ್ಬೇಕು. ಒಳ್ಳೇ ಮೆಕ್ಯಾನಿಕ್ಕಿಗೆ ತೋರ್ಸಿ."

"ಮೆಕ್ಯಾನಿಕ್ಕೇ ನಾನು," ಎಂದ ಮೇಸ್ತ್ರಿ.

ಮ್ಯಾನೇಜರು ಬಾಟಲಿಯನ್ನು ಎರಡೂ ಕೈಯಲ್ಲಿ ಮರ್ಯಾದೆಯಿಂದ ವಾಪಸು ಕೊಟ್ಟ.

ಶೆಡ್ಡಿಗೆ ಬರುವಾಗ ಎದುರಿಗೆ ಸಿಕ್ಕ ಬಡಗಿ, "ಏನಂದ್ರು ಪಂಪಿನವರು?" ಎಂದು ಕೇಳಿ, ಉತ್ತರಕ್ಕೆ ಕಾಯದೆ, "ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ," ಎಂದು ಜೊತೆಯವನಿಗೆ ಹೇಳಿ ನಕ್ಕ. ನಲವತ್ತು ವರ್ಷ ಕುಣಿದ ನೆಲ ಅದು. ರಾತ್ರೋರಾತ್ರಿ ಡೊಂಕಾದದ್ದು ನಿಜವೇ ಆಗಿದ್ದರೂ, ನಂಬುವವರು ಯಾರು?

ಐದು ದಿನ ತಂಗಿಯ ಫೋನು ಬರಲಿಲ್ಲ. ಗಾಡಿ ಸರಿಯಾಯಿತು ಎಂದುಕೊಂಡು ಮೊದಲೆರಡು ದಿನ ಮೇಸ್ತ್ರಿ ಬೀಗಿದ. ಮೂರನೆಯ ದಿನಕ್ಕೆ ಅನುಮಾನ ಬಂತು. ಐದನೆಯ ದಿನ ಮಧ್ಯಾಹ್ನ ಬೋಲ್ಟು ತರಲು ಹೊರಟವನು, ಲಂಬುವಿನ ಗ್ಯಾರೇಜಿನ ಮುಂದೆ ಒದ್ದೆ ಗೋಣಿತಾಟು ಜೋತುಬಿದ್ದ ಪಿಕಪ್ಪನ್ನು ಕಂಡು ನಿಂತುಬಿಟ್ಟ.

ಲಂಬು ಅವನ ಹತ್ತಿರವೇ ಕೆಲಸ ಕಲಿತವನು. ಗಾಡಿಯ ಕೆಳಗೆ ಮಲಗಿದರೆ ಮೊಣಕಾಲಿನಿಂದಾಚೆ ಹೊರಗೇ ಉಳಿಯುತ್ತಿದ್ದುದರಿಂದ ಆ ಹೆಸರು ಇಟ್ಟವನೂ ಮೇಸ್ತ್ರಿಯೇ. ಈಗ ಅವನಿಗೆ ಸ್ವಂತ ಗ್ಯಾರೇಜು, ತಲೆಯಲ್ಲಿ ನರೆ. ತಂಗಿ ಅಲ್ಲಿ ಸ್ಟೂಲಿನ ಮೇಲೆ ಕೂತಿದ್ದಳು. ಅಣ್ಣನನ್ನು ಕಂಡು ಎದ್ದಳು, ಮತ್ತೆ ಕೂತಳು.

"ಬನ್ನಿ ಮೇಸ್ತ್ರಿ," ಎಂದ ಲಂಬು, ಬೆಂಚಿಗೆ ಅಡ್ಡ ನಿಂತು.

ಮೇಸ್ತ್ರಿ ಅವನನ್ನು ಪಕ್ಕಕ್ಕೆ ಸರಿಸಿದ. ಬೆಂಚಿನ ಮೇಲೆ ತಾನು ಹಾಕಿದ ಪೈಪು ಉದ್ದಕ್ಕೆ ಸೀಳಿ ಬಿದ್ದಿತ್ತು. ಹೊರಗೆ ಹೊಸದರಂತೆ ಮಿರುಗುತ್ತಿತ್ತು. ಒಳಗೆ ಹೆಬ್ಬೆರಳು ಒತ್ತಿ ಎಳೆದ. ರಬ್ಬರು ಕಾಡಿಗೆಯಂತೆ ಬೆರಳಿಗೆ ಹತ್ತಿಕೊಂಡು ಬಂತು, ಜೊತೆಗೆ ಸಣ್ಣ ಸಣ್ಣ ಕರಿಯ ಚೂರುಗಳು. ಸೇತುವೆಯ ಮೇಲೆ ಬಾಯಿಟ್ಟು ಊದಿದ್ದ ಅದೇ ಕಸ. ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಇಷ್ಟು ವರ್ಷ ಕರಗದ ಪೈಪು," ಎಂದ.

"ಪೈಪಿನ ತಪ್ಪೇನಿಲ್ಲ ಮೇಸ್ತ್ರಿ. ಪೆಟ್ರೋಲು ಬದಲಾಯ್ತು, ಇದು ತಡಕೊಳ್ಳಲ್ಲ."

"ನಿನಗೆ ಯಾವಾಗ ಗೊತ್ತಾಯ್ತು?"

ಲಂಬು ತಂಗಿಯ ಮುಖ ನೋಡಿದ. "ಎರಡನೇ ಸಲ ನಿಂತಾಗ ನಾನು ಸೇತುವೆ ದಾಟ್ತಿದ್ದೆ. ಹಳೇ ಪೈಪು ನೋಡಿ ಅಕ್ಕನಿಗೆ ಹೇಳ್ದೆ."

"ನನಗೆ ಹೇಳೋಕೆ ಏನಾಗಿತ್ತು ನಿನಗೆ?"

"ಪೈಪು ಹಿಡಿಯೋದು ಹೇಗೆ ಅಂತ ಕಲಿಸಿದವರೇ ನೀವು. ನಾನು ಬಂದು ಯಾವ ಬಾಯಲ್ಲಿ ಹೇಳ್ಲಿ?"

ಮೇಸ್ತ್ರಿ ತಂಗಿಯ ಕಡೆ ತಿರುಗಿದ. "ನೀನು?"

"ಕೇಳ್ದೆನಲ್ಲ ಅಣ್ಣ, ಅದೇ ಪೈಪಾ ಅಂತ."

"ಅದು ಹೇಳಿದ ಹಾಗಾಯ್ತೇನೆ?"

"ನೀನೇ ಕಂಡುಹಿಡೀತೀಯ ಅಂತ ಕಾದೆ. ಅಷ್ಟರಲ್ಲಿ ನೀನು ಬಾಟಲಿ ಹಿಡ್ಕೊಂಡು ಊರೆಲ್ಲ ತಿರುಗಿಬಿಟ್ಟೆ. ಆಮೇಲೆ ಹೇಗೆ ಹೇಳ್ಲಿ?"

"ಮೂರನೇ ಸಲ ನಿಲ್ಲುತ್ತೆ ಅಂತ ಗೊತ್ತಿದ್ದೇ ಐಸು ತುಂಬಿಸ್ಕೊಂಡು ಹೊರಟ್ಯಾ?"

ತಂಗಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಒಂದು ದಿನದ ಐಸು ತಾನೇ, ಕರಗಿದ್ರೆ ಕರಗಲಿ ಅಂದ್ಕೊಂಡೆ. ಆದ್ರೆ ಮಾರ್ಕೆಟ್ಟಿನವರು ಕೆಲಸವೇ ತೆಗೀತೀವಿ ಅಂದ್ರು ಅಣ್ಣ. ಅದಕ್ಕೆ ಇಲ್ಲಿಗೆ ಬಂದೆ."

ಮೇಸ್ತ್ರಿಗೆ ಸಿಟ್ಟು ಬಂತು. ಯಾರ ಮೇಲೆ ತೋರಿಸುವುದು ಎಂದು ಸುತ್ತ ನೋಡಿದ. ಪಂಪಿನವನು ಬೋರ್ಡು ಹಾಕಿದ್ದ, ಲಂಬು ಮರ್ಯಾದೆ ಇಟ್ಟಿದ್ದ, ತಂಗಿ ತನ್ನ ಅನ್ನವನ್ನೇ ಕರಗಲು ಬಿಟ್ಟಿದ್ದಳು. ಉಳಿದವನು ಒಬ್ಬನೇ. ನಾಚಿಕೆಗಿಂತ ಹೆಚ್ಚಾಗಿ, ಇವರಿಬ್ಬರೂ ತನಗೆ ಇಷ್ಟು ಹೆದರುತ್ತಾರಲ್ಲ ಎಂಬುದು ಅವನಿಗೆ ನೋವಾಯಿತು.

"ಸೆಲ್ಫ್ ಹೊಡಿ," ಎಂದ ಕೊನೆಗೆ.

ತಂಗಿ ಹತ್ತಿ ಕೂತು ಕೀ ತಿರುಗಿಸಿದಳು. ಮೊದಲ ಸಲಕ್ಕೇ ಹೊತ್ತಿಕೊಂಡಿತು. ಮೇಸ್ತ್ರಿ ಲಂಬುವಿನ ಸ್ಕ್ರೂಡ್ರೈವರು ಎತ್ತಿಕೊಂಡು, ತುದಿಯನ್ನು ಎಂಜಿನ್ನಿಗಿಟ್ಟು ಹಿಡಿಯನ್ನು ಕಿವಿಗೆ ಒತ್ತಿದ. ಬಹಳ ಹೊತ್ತು ಕೇಳಿದ. ಎಲ್ಲೂ ಒಂದು ತೊಡಕಿರಲಿಲ್ಲ.

"ಜೆಟ್ಟು ದೊಡ್ಡದು ಮಾಡಿದ್ಯಾ?"

"ಒಂದು ಸೈಜು, ಮೇಸ್ತ್ರಿ. ಈ ಪೆಟ್ರೋಲಿಗೆ ಬೇಕಾಗುತ್ತೆ."

"ಹೂಂ." ಸ್ಕ್ರೂಡ್ರೈವರನ್ನು ಮೊದಲಿದ್ದ ಜಾಗದಲ್ಲೇ ಇಟ್ಟ. "ಆ ಹೊಸ ಪೈಪು ನಿನ್ನ ಹತ್ರ ಇನ್ನೂ ಇದೆಯಾ?"

"ಇದೆ. ಎಷ್ಟು ಗಾಡಿಗೆ ಬೇಕು?"

ಮೇಸ್ತ್ರಿಯ ಬಾಯಲ್ಲಿ ಮತ್ತೆ ಪೆಟ್ರೋಲಿನ ರುಚಿ ಬಂದಂತಾಯಿತು.

"ಹನ್ನೊಂದು."

ಲಂಬು ಒಳಗೆ ಹೋಗಿ ಇಡೀ ಸುರುಳಿಯನ್ನೇ ತಂದು ಅವನ ತೋಳಿಗೆ ಹಾಕಿದ.

ಶೆಡ್ಡಿಗೆ ಬಂದವನು ಕಬ್ಬಿಣದ ಪೆಟ್ಟಿಗೆಯಿಂದ ಹಳೆಯ ಸುರುಳಿ ತೆಗೆದು, ಬೇರೆ ಯಾರೂ ಬಳಸದಂತೆ ಗೇಣುದ್ದದ ತುಂಡುಗಳಾಗಿ ಕತ್ತರಿಸಿ ಕಸದ ಡಬ್ಬಿಗೆ ಹಾಕಿದ. ಕೊನೆಯ ತುಂಡನ್ನು ಮೂಸಿ ನೋಡಿ ಹಾಕಿದ. ಪೌಡರಿನ ಪರಿಮಳ ಇನ್ನೂ ಹಾಗೇ ಇತ್ತು.

ಗಿರಾಕಿಗಳ ಫೋನ್ ನಂಬರುಗಳೆಲ್ಲ ಬಾಗಿಲ ಪಕ್ಕದ ಸುಣ್ಣದ ಗೋಡೆಯ ಮೇಲೆ ಪೆನ್ಸಿಲಿನಲ್ಲಿದ್ದವು. ಕನ್ನಡಕ ಹಾಕಿಕೊಂಡು ಹುಡುಕಿದ. ಆ ಹನ್ನೊಂದರಲ್ಲಿ ಎಲ್ಲಕ್ಕಿಂತ ಮೇಲೆ ಸಿಕ್ಕಿದ್ದು ಬಡಗಿಯ ನಂಬರು. ಸಾಲು ತಪ್ಪದಂತೆ ಹೆಬ್ಬೆರಳನ್ನು ಅಂಕಿಗಳ ಪಕ್ಕ ಊರಿ, ಇನ್ನೊಂದು ಕೈಯಲ್ಲಿ ಫೋನು ಒತ್ತಿದ.

"ಏನು ಮೇಸ್ತ್ರಿ, ಪಂಪಿನವನ ಮೇಲೆ ಕೇಸು ಹಾಕೋದಾ?" ಎಂದು ನಕ್ಕ ಬಡಗಿ.

"ಅಲ್ಲ. ನಿನ್ನ ಗಾಡಿಯ ಪೈಪು ಕೆಟ್ಟಿದೆ. ನಾನೇ ಹಾಕಿದ್ದು. ನಾಳೆ ತಗೊಂಡು ಬಾ, ಬೇರೆ ಹಾಕಿ ಕೊಡ್ತೀನಿ."

ಆ ಕಡೆ ನಗು ನಿಂತಿತು. ಗರಗಸದ ಸದ್ದೂ ನಿಂತಿತು. "ಬರ್ತೀನಿ," ಎಂದ ಬಡಗಿ.

ಮೇಸ್ತ್ರಿ ಹೆಬ್ಬೆರಳನ್ನು ಎತ್ತಿ ಕೆಳಗಿನ ನಂಬರಿನ ಪಕ್ಕ ಊರಿದ. ಮೇಲಿನದರ ಬದಿಯಲ್ಲಿ, ಬಿಳಿಯ ಸುಣ್ಣದ ಮೇಲೆ, ಕರಿಯ ಹೆಬ್ಬೆಟ್ಟು ಗೆರೆಗೆರೆಯಾಗಿ ಮೂಡಿತ್ತು.