ಕೊಡೆ ಅಂಗಡಿಯ ಬೋರ್ಡು

ಫೈಲ್ ಸಿಗಲಿಲ್ಲ ಎಂದು ಕಂಪ್ಯೂಟರು ಮತ್ತೆ ಅದೇ ರಾಗ ಎಳೆದಾಗ ಪುಟ್ಟಿಗೆ ರೇಗಿಹೋಯಿತು. ಮೂವತ್ತು ದಾಟಿದ ಹೆಂಗಸು, ಮೊಬೈಲಿಗೆ ಆಟ ಕಟ್ಟುವುದೇ ಕಸುಬು, ಆದರೂ ಮನೆಯವರ ಬಾಯಲ್ಲಿ ಇನ್ನೂ ಪುಟ್ಟಿಯೇ. "ಸಿಗಲಿಲ್ವಂತೆ! ಇಲ್ಲೇ ಕಣ್ಣ ಮುಂದೆ ಬಿದ್ದಿದೆಯಲ್ಲೋ ಮಂಕೇ!" ಎಂದು ಅದನ್ನು ಬೈದಳು. ಬೈದರೆ ಕೇಳಿಸಿಕೊಳ್ಳುವುದಕ್ಕೆ ಅದೇನು ಅಣ್ಣನೇ? ಅಣ್ಣನೂ ಕೇಳಿಸಿಕೊಳ್ಳುವವನಲ್ಲ, ಆ ಮಾತು ಬೇರೆ.

ಆಟ ಇಷ್ಟೆ: ಒಂದು ಉದ್ದನೆಯ ಬೀದಿ, ಎರಡೂ ಬದಿಗೆ ಅಂಗಡಿಗಳು. ಒಂದೊಂದೇ ಬಾಗಿಲು ತೆರೆದು ಗಿರಾಕಿಗಳನ್ನು ಒಳಗೆ ಕರೆಯಬೇಕು. ಕಟ್ಟುವುದು ಪುಟ್ಟಿ, ಊರೆಲ್ಲ ಓಡಾಡಿ ಮಾರುವುದು ಅಣ್ಣ, ಅಂಗಡಿಗಳ ಬೋರ್ಡು ಬರೆಯುವುದು ಅಪ್ಪ. ಅಪ್ಪ ಏಣಿ ಹತ್ತಿ ನಿಜವಾದ ಅಂಗಡಿಗಳಿಗೆ ಬೋರ್ಡು ಬರೆದು ಮಕ್ಕಳನ್ನು ಸಾಕಿದವನು. ಅಚ್ಚು ಹಾಕಿದ ಬೋರ್ಡುಗಳು ಬಂದು ಆ ಕೆಲಸ ನಿಂತು ವರ್ಷಗಳೇ ಆಗಿದ್ದವು. ಮಗಳು ತನ್ನ ಹಳೇ ಲ್ಯಾಪ್‌ಟಾಪನ್ನೂ ಚಿತ್ರ ಬರೆಯುವ ಪೆನ್ನನ್ನೂ ಕೈಗಿಟ್ಟಾಗ ಮೊದಲು ಬೇಡವೇ ಬೇಡ ಎಂದ. ಆಮೇಲೆ ಊಟಕ್ಕೆ ಕರೆದರೂ ಏಳದಂತಾದ. ಅವನು ಅದರಲ್ಲಿ ಇಟ್ಟದ್ದೆಲ್ಲ ಇಟ್ಟ ಹಾಗೇ ಪುಟ್ಟಿಯ ಕಂಪ್ಯೂಟರಿಗೂ ಬಂದು ಕೂರುತ್ತಿತ್ತು.

ಆಟ ಅವತ್ತು ಸಂಜೆಯೊಳಗೆ ಒಂದು ಸ್ಪರ್ಧೆಗೆ ಹೋಗಬೇಕಿತ್ತು. ಅದಕ್ಕೆ ಎಲ್ಲ ತುಂಡುಗಳನ್ನೂ ಸೇರಿಸಿ, ಫೋನಿನಲ್ಲಿ ಓಡುವ ಹಾಗೆ ಒಂದೇ ಗಂಟು ಕಟ್ಟಬೇಕು. ಇವರು ಅದನ್ನು ಬಿಲ್ಡ್ ಎನ್ನುತ್ತಾರೆ. ಈ ಬಿಲ್ಡ್ ಎಂಬುದು ಅಪ್ಪ ಕೊನೆಯದಾಗಿ ಬರೆದ ಕೊಡೆ ಅಂಗಡಿಯ ಬೋರ್ಡಿನ ಹತ್ತಿರ ಬಂದು ಮೊಂಡು ಕತ್ತೆಯ ಹಾಗೆ ನಿಂತುಬಿಡುತ್ತಿತ್ತು. ಪುಟ್ಟಿ ಯಂತ್ರ ಆರಿಸಿ ಹಚ್ಚಿದಳು, ಹಳೆಯ ಕಸವೆಲ್ಲ ಅಳಿಸಿದಳು, ಚಿತ್ರವನ್ನು ತೆಗೆದು ಮತ್ತೆ ಸೇರಿಸಿದಳು. ಊಹೂಂ. ಕೊಡೆ ಅಂಗಡಿಯನ್ನೇ ತೆಗೆದರೆ ಅದರ ಹಿಂದಿನ ಗಡಿಯಾರದ ಅಂಗಡಿ ಸಿಗಲಿಲ್ಲ ಎಂದಿತು.

"ಕೊಂಡ ಚಿತ್ರಗಳನ್ನ ಹಾಕಿ ನೋಡು," ಎಂದ ಅಣ್ಣ. ಯಾವುದಕ್ಕೂ ಇರಲಿ ಎಂದು ಅವನು ಯಾರದೋ ಸಿದ್ಧ ಬೋರ್ಡುಗಳ ಒಂದು ಕಟ್ಟನ್ನೇ ತಂದಿಟ್ಟಿದ್ದ. ಹಾಕಿದಳು. ಹಾಳಾದ್ದು, ಒಂದು ಚೂರೂ ತಕರಾರಿಲ್ಲದೆ ಬಿಲ್ಡ್ ಆಗಿಹೋಯಿತು.

"ಸರಿ ಮತ್ತೆ. ಸಂಜೆಯೊಳಗೆ ಅಪ್ಪಂದು ಆದ್ರೆ ಆಯ್ತು, ಇಲ್ದಿದ್ರೆ ಇದನ್ನೇ ಕಳಿಸೋಣ. ಅಪ್ಪಂದು ಮುಂದಿನ ಸಲ ನೋಡ್ಕೊಳ್ಳೋಣ ಬಿಡು," ಎಂದ ಅಣ್ಣ.

ಅಪ್ಪ ಬಾಗಿಲಲ್ಲೇ ನಿಂತಿದ್ದ. ಯಾವಾಗ ಬಂದನೋ.

"ಅದನ್ನೇ ಹಾಕ್ರಪ್ಪ," ಎಂದ. "ನನ್ನ ಕೈ ಮೊದಲಿನ ಹಾಗೆ ಎಲ್ಲಿದೆ? ಏನೋ ಮಕ್ಕಳು ಹೇಳಿದ್ರಿ ಅಂತ ಗೀಚಿದೆ." ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟು ಹೋದ.

ಪುಟ್ಟಿ ಆ ಪೆನ್ನನ್ನೇ ನೋಡಿದಳು. ಇವತ್ತು ಈ ಬೋರ್ಡುಗಳು ಆಟದಿಂದ ಹೊರಗೆ ಬಿದ್ದರೆ ಅಪ್ಪ ಇನ್ನು ಪೆನ್ನು ಮುಟ್ಟುವವನಲ್ಲ. ಮುಂದಿನ ಸಲವಂತೆ! ಅಪ್ಪನಿಗೆ ಮುಂದಿನ ಸಲ ಎಂಬುದಿಲ್ಲ ಎಂದು ಈ ಅಣ್ಣನೆಂಬ ಮಹಾರಾಯನಿಗೆ ತಿಳಿಸಿ ಹೇಳುವವರು ಯಾರು?

ಪೆನ್ನು ಎತ್ತಿಕೊಂಡು ಅಪ್ಪನ ಕೋಣೆಗೆ ಹೋದಳು. "ಅಪ್ಪಾ, ಬರೆದದ್ದನ್ನ ಹೇಗೆ ಇಡ್ತೀಯ? ನಾನು ನಿನ್ನ ಪಕ್ಕ ಕೂತು ನೋಡಲೇ ಇಲ್ಲ."

"ಇದರಲ್ಲಿ ನೋಡೋದೇನಿದೆ?" ಎನ್ನುತ್ತಲೇ ಅಪ್ಪ ಲ್ಯಾಪ್‌ಟಾಪು ತೆರೆದ. ಒಂದು ಫೋಲ್ಡರ್ ಒತ್ತಿದ. ಅದರೊಳಗೆ ಒಂದು ಬೋರ್ಡಿನ ಚಿತ್ರ, ಪಕ್ಕದಲ್ಲಿ ಇನ್ನೊಂದು ಫೋಲ್ಡರ್. ಅದರೊಳಗೆ ಮತ್ತೊಂದು ಬೋರ್ಡು, ಮತ್ತೊಂದು ಫೋಲ್ಡರ್. ಅಪ್ಪ ಒತ್ತುತ್ತಲೇ ಇದ್ದ. ಹೆಸರುಗಳೋ, ಒಂದೊಂದೂ ಒಂದು ಕತೆ: "ಗಡಿಯಾರದ ಅಂಗಡಿ ಮಗಳು ಕೆಂಪು ಜಾಸ್ತಿ ಆಯ್ತು ಅಂದಮೇಲೆ ಕಡಿಮೆ ಮಾಡಿದ್ದು". ಅದರೊಳಗೆ "ಕೊಡೆ ಅಂಗಡಿ ಇನ್ನೂ ತೋರಿಸಿಲ್ಲ ಅವಳ ಸಿಟ್ಟು ಇಳಿದಮೇಲೆ ತೋರಿಸುವುದು".

"ಅಯ್ಯೋ ನನ್ನಪ್ಪಾ!" ಪುಟ್ಟಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಒಂದರೊಳಗೆ ಒಂದು ಯಾಕೆ ತುರುಕಿದ್ದೀಯ?"

"ಮತ್ತೆ? ಬ್ರಶ್ಶು ಡಬ್ಬಿಯೊಳಗೆ, ಡಬ್ಬಿ ಪೆಟ್ಟಿಗೆಯೊಳಗೆ, ಪೆಟ್ಟಿಗೆ ಟ್ರಂಕಿನೊಳಗೆ. ಏಣಿ ಹೊತ್ತುಕೊಂಡು ಬೀದಿ ಬೀದಿ ತಿರುಗೋನು ಎಲ್ಲಾ ಬೇರೆಬೇರೆ ಇಟ್ಕೊಂಡ್ರೆ ಒಂದೂ ಮನೆಗೆ ವಾಪಸ್ ಬರಲ್ಲ."

ಕಂಪ್ಯೂಟರಿನ ಕೆಂಪು ಅಕ್ಷರದ ಆ ಉದ್ದನೆಯ ಸಾಲನ್ನು ಪುಟ್ಟಿ ಕೊನೆಯವರೆಗೆ ಒಮ್ಮೆಯೂ ಓದಿರಲಿಲ್ಲ. ಚಿತ್ರ ಬೇಕೆಂದಾಗ ಹುಡುಕುವ ಜಾಗದಲ್ಲಿ "ಕೊಡೆ" ಎಂದು ಬರೆದು ನೇರವಾಗಿ ತೆರೆಯುತ್ತಿದ್ದಳು. ದಾರಿ ನೋಡಿದವಳೇ ಅಲ್ಲ. ತನ್ನ ತಲೆಗೆ ತಾನೇ ಒಂದು ಮೊಟಕಿಕೊಂಡಳು.

ಖಾತ್ರಿ ಮಾಡಿಕೊಳ್ಳದೆ ಬಾಯಿ ಬಿಡಬಾರದೆಂದು, ಕೊಡೆ ಅಂಗಡಿಯ ಚಿತ್ರವನ್ನು ಒಂದು ಗೆರೆಯೂ ಬದಲಿಸದೆ ಮೇಲೆ ತಂದು, "ಬೋರ್ಡು" ಎಂಬ ಒಂದೇ ಫೋಲ್ಡರಿಗೆ ಹಾಕಿ ಬಿಲ್ಡ್ ಒತ್ತಿದಳು. ಕೊಡೆ ಅಂಗಡಿ ದಾಟಿತು, ಗಡಿಯಾರದ ಹತ್ತಿರ ನಿಂತಿತು. ಅದನ್ನೂ ತಂದಳು. ಆಮೇಲೆ ಇಡೀ ಬೀದಿಯನ್ನೇ ಹೊರಗೆ ತೆಗೆದು, ಯಾವ ಅಂಗಡಿಗೆ ಯಾವ ಬೋರ್ಡು ಎಂದು ಆಟಕ್ಕೆ ಒಂದೊಂದಾಗಿ ಮತ್ತೆ ತೋರಿಸಿಕೊಟ್ಟಳು. ಅಪ್ಪ ಪಕ್ಕದಲ್ಲಿ ಕೂತು, ಇದು ಮೂಲೆ ಅಂಗಡಿ, ಇದು ಅದರ ಎದುರಿನದು ಎನ್ನುತ್ತಿದ್ದ. ಇನ್ನೂ ಬಿಸಿಲಿರುವಾಗಲೇ ಬಿಲ್ಡ್ ಮುಗಿಯಿತು. ಫೋನಿನಲ್ಲಿ ಬೀದಿ ತೆರೆದುಕೊಂಡಾಗ ಪುಟ್ಟಿಗೆ ಹೋದ ಜೀವ ಬಂದಂತಾಯಿತು.

"ಹಾಗಾದ್ರೆ ಏನು ತಪ್ಪಾಗಿತ್ತು?" ಎಂದ ಅಪ್ಪ.

"ಫೈಲಿಗೆ ಹೋಗೋ ದಾರಿ ಉದ್ದ ಆಗಿತ್ತಪ್ಪ. ಹೊರಗಿನ ಫೋಲ್ಡರಿಂದ ಚಿತ್ರದ ತನಕ ಇರೋ ಹೆಸರೆಲ್ಲಾ ಸೇರಿಸಿ ಈ ಯಂತ್ರ ಒಂದು ವಿಳಾಸ ಮಾಡ್ಕೊಳ್ಳುತ್ತೆ. ವಿಳಾಸ ಅಳತೆ ಮೀರಿದ್ರೆ ಹುಡುಕೋದೇ ಇಲ್ಲ, ಇಲ್ಲ ಅಂದ್ಬಿಡುತ್ತೆ. ಅಷ್ಟೆ."

"ಚಿತ್ರದಲ್ಲಿ ಏನೂ ತಪ್ಪಿಲ್ವಾ?"

"ಚಿತ್ರದಲ್ಲಿ ಏನೂ ತಪ್ಪಿಲ್ಲ."

ಅಪ್ಪ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡ. "ಇನ್ನೊಂದ್ಸಲ ಹೇಳು," ಎಂದ.

"ನಿನ್ನ ಚಿತ್ರದಲ್ಲಿ ಏನೂ ತಪ್ಪಿರಲಿಲ್ಲ ಅಪ್ಪಾ."

"ನಿನ್ನಣ್ಣನ್ನ ಕರಿ. ಅವನಿಗೂ ಹೇಳು. ನಾನು ಇಲ್ಲಿರುವಾಗಲೇ ಹೇಳು."

ಅಣ್ಣ ಬಂದ. ಪುಟ್ಟಿ ಮತ್ತೆ ಹೇಳಿದಳು. ಅವನಿಗೆ ಮುಜುಗರವಾಯಿತು. "ಅಪ್ಪಾ, ನಿನ್ನ ಚಿತ್ರ ಚೆನ್ನಾಗಿಲ್ಲ ಅಂತ ನಾನು ಯಾವಾಗ ಹೇಳಿದೆ?"

"ನೀನು ಹೇಳಲಿಲ್ಲ ಮಗಾ," ಎಂದ ಅಪ್ಪ. "ಆಗ ನನ್ನ ಕೈಲಿ ಬೋರ್ಡು ಬರೆಸ್ತಿದ್ದ ಅಂಗಡಿಯವರೂ ಹೇಳಲಿಲ್ಲ. ಕರೆಯೋದು ನಿಲ್ಲಿಸಿದ್ರು, ಅಷ್ಟೆ. ನನ್ನ ಕೈಯೇ ಕೆಟ್ಟಿತು ಅಂದ್ಕೊಂಡು ಇಷ್ಟು ವರ್ಷ ಸುಮ್ಮನಿದ್ದೆ."